ಎಬಿಎಸ್ ಇದ್ದೂ ಬೈಕ್ ಜಾರಿದ್ದೇಕೆ? ಮುಂದಿನ ಬ್ರೇಕು, ಮಳೆ ಮತ್ತು ಚಾರ್ಮಾಡಿ ಘಾಟಿ

ಪ್ರಶ್ನೆ: ನಾನು ಹಾಸನದವನು, ವಯಸ್ಸು 31. ಎಂಟು ತಿಂಗಳ ಹಿಂದೆ 150 ಸಿಸಿ ಬೈಕ್ ತಗೊಂಡೆ. ಸಿಂಗಲ್ ಚಾನೆಲ್ ಎಬಿಎಸ್ ಇದೆ. ಹೋದ ವಾರ ಮಳೆಯಲ್ಲಿ ಬರುವಾಗ ಮುಂದಿದ್ದ ಆಟೊ ಗಕ್ಕನೆ ನಿಂತಿತು. ಜೋರಾಗಿ ಬ್ರೇಕ್ ತುಳಿದೆ. ಬೈಕಿನ ಹಿಂಭಾಗ ಬಲಕ್ಕೆ ಎಳೆದುಕೊಂಡು ಹೋಗಿ ಬಿದ್ದೆ. ಮೊಣಕೈ ತರಚಿತು, ಅಷ್ಟೆ. ಎಬಿಎಸ್ ಇದ್ದೂ ಹೀಗೇಕಾಯಿತು? ಮುಂದಿನ ಬ್ರೇಕ್ ಮುಟ್ಟಬೇಡ, ಮಗುಚಿ ಬೀಳ್ತೀಯ ಅಂತ ಅಪ್ಪ ಮೊದಲಿನಿಂದಲೂ ಹೇಳುತ್ತಾರೆ. ಬರುವ ಜುಲೈನಲ್ಲಿ ಹೆಂಡತಿ ಮತ್ತು ನಾಲ್ಕೂವರೆ ವರ್ಷದ ಮಗಳನ್ನು ಕೂರಿಸಿಕೊಂಡು ಬೇಲೂರು, ಮೂಡಿಗೆರೆ, ಚಾರ್ಮಾಡಿ ಮೇಲೆ ಧರ್ಮಸ್ಥಳಕ್ಕೆ ಹೋಗಬೇಕೆಂದಿದ್ದೇವೆ. ಘಾಟಿಯಲ್ಲಿ ಹೇಗೆ ಓಡಿಸಬೇಕು, ನಿಯಮಗಳೇನು ತಿಳಿಸಿ.

ಉತ್ತರ: ಮೊಣಕೈ ತರಚಿದ್ದರಲ್ಲೇ ಮುಗಿಯಿತಲ್ಲ, ದೊಡ್ಡ ಸಮಾಧಾನ. ನಿಮ್ಮ ಪತ್ರದಲ್ಲಿ ‘ಬ್ರೇಕ್ ತುಳಿದೆ’ ಎಂಬ ಒಂದು ಮಾತಿದೆ. ಉತ್ತರ ಅಲ್ಲೇ ಇದೆ. ಕಾಲಲ್ಲಿ ತುಳಿಯುವುದು ಹಿಂದಿನ ಬ್ರೇಕು. ಎಬಿಎಸ್ ಎಂದರೆ ಬ್ರೇಕ್ ಜೋರಾಗಿ ಹಿಡಿದಾಗ ಚಕ್ರ ಪೂರ್ತಿ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ. ಸಿಂಗಲ್ ಚಾನೆಲ್ ಎಬಿಎಸ್ ಕೆಲಸ ಮಾಡುವುದು ಮುಂದಿನ ಚಕ್ರಕ್ಕೆ ಮಾತ್ರ. ಕೈಯಲ್ಲಿರುವ ಲಿವರ್ ಹಿಡಿದರಷ್ಟೇ ಅದು ನಿಮ್ಮ ನೆರವಿಗೆ ಬರುತ್ತದೆ. ನೀವು ಲಿವರ್ ಮುಟ್ಟಲೇ ಇಲ್ಲ. ಎಬಿಎಸ್ ಇಲ್ಲದ ಹಿಂದಿನ ಚಕ್ರವನ್ನು ಒದ್ದೆ ರಸ್ತೆಯಲ್ಲಿ ಪೂರ್ತಿ ಕಚ್ಚಿ ಹಿಡಿಸಿದಿರಿ. ಉರುಳುವುದು ನಿಂತ ಚಕ್ರ ಉಜ್ಜಿಕೊಂಡು ಹೋಗುತ್ತದೆ, ಉಜ್ಜಿಕೊಂಡು ಹೋಗುವ ಚಕ್ರಕ್ಕೆ ಎಡ ಬಲದ ಹಿಡಿತ ಇರುವುದಿಲ್ಲ. ಅದಕ್ಕೇ ಬಾಲ ಬಲಕ್ಕೆ ಹೋಯಿತು.

2018ರ ಏಪ್ರಿಲ್‌ನಿಂದ ಹೊಸ ಮಾದರಿಗಳಿಗೆ, 2019ರ ಏಪ್ರಿಲ್‌ನಿಂದ ಮಾರಾಟವಾಗುವ ಎಲ್ಲಕ್ಕೂ, 125 ಸಿಸಿ ಮೀರಿದ ದ್ವಿಚಕ್ರ ವಾಹನಗಳಿಗೆ ಎಬಿಎಸ್ ಕಡ್ಡಾಯವಾಯಿತು. ಒಳ್ಳೆಯ ಕಾನೂನು. ಆದರೆ ಗಾಡಿ ಕೊಡುವಾಗ ಕೀಲಿ ಜೊತೆಗೆ ಹಾರ ಹಾಕಿ ಫೋಟೊ ತೆಗೆದು ಕಳಿಸುತ್ತಾರೆಯೇ ಹೊರತು ಇದು ಯಾವ ಚಕ್ರಕ್ಕಿದೆ, ಹೇಗೆ ಬಳಸಬೇಕು ಎಂದು ಎರಡು ನಿಮಿಷ ನಿಂತು ಹೇಳುವವರು ಅಪರೂಪ. ಇದು ನನಗೆ ಬಹಳ ನೋವಿನ ವಿಷಯ.

ನಿಮ್ಮ ಅಪ್ಪ ಹೇಳುವುದು ಪೂರ್ತಿ ತಪ್ಪಲ್ಲ. ಅವರು ಕಲಿತ ಕಾಲದ ಗಾಡಿಗಳಿಗೆ ಮುಂದೆಯೂ ಡ್ರಮ್ ಬ್ರೇಕು, ಕೇಬಲ್ ಎಳೆತ. ರಸ್ತೆ ಮಣ್ಣು, ಜಲ್ಲಿ. ಹ್ಯಾಂಡಲ್ ತಿರುಗಿಸಿಕೊಂಡಿರುವಾಗ ಜಲ್ಲಿಯ ಮೇಲೆ ಮುಂದಿನ ಬ್ರೇಕ್ ಗಪ್ಪನೆ ಹಿಡಿದರೆ ಇಂದಿಗೂ ಬೀಳುವುದು ಖಚಿತ. ಆ ಒಂದು ಸಂದರ್ಭದ ಪಾಠವನ್ನು ಎಲ್ಲ ಸಂದರ್ಭಕ್ಕೂ ಹರಡಿಬಿಟ್ಟಿದ್ದೇವೆ, ತೊಂದರೆ ಇರುವುದು ಅಲ್ಲಿ. ನೇರ ರಸ್ತೆಯಲ್ಲಿ ಬೈಕ್ ನಿಲ್ಲಿಸುವುದು ಮುಖ್ಯವಾಗಿ ಮುಂದಿನ ಬ್ರೇಕೇ. ಬ್ರೇಕ್ ಹಿಡಿದ ಕೂಡಲೇ ಗಾಡಿಯ ಭಾರವೂ ನಿಮ್ಮ ಭಾರವೂ ಮುಂದಕ್ಕೆ ವಾಲುತ್ತದೆ. ಮುಂದಿನ ಟಯರು ರಸ್ತೆಗೆ ಒತ್ತಿಕೊಳ್ಳುತ್ತದೆ, ಹಿಂದಿನದು ಹಗುರವಾಗುತ್ತದೆ. ಹಗುರವಾದ ಚಕ್ರ ಎಷ್ಟು ನಿಲ್ಲಿಸೀತು?

ನಾನು ಸವಾರಿ ಕಲಿಸುವ ಮೈದಾನಕ್ಕೆ ಒಬ್ಬರು ಹಾಲಿನವರು ಬಂದಿದ್ದರು. ಬೈಕಿನ ಎರಡೂ ಬದಿಗೆ ಕ್ಯಾನ್ ಕಟ್ಟಿಕೊಂಡು ಆರು ವರ್ಷ ಓಡಿಸಿದ ಕೈ. ಅವರ ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಡಿಸ್ಕ್ ನೋಡಿದೆ. ಅದರ ಮೇಲೆ ಕಂದು ತುಕ್ಕಿನ ಪೊರೆ ಇತ್ತು, ಪ್ಯಾಡ್ ಹೊಸದರಂತೆ ದಪ್ಪಗಿತ್ತು. ಹಿಂದಿನ ಬ್ರೇಕ್ ಶೂ ಎಷ್ಟು ಸಲ ಬದಲಾಯಿಸಿದ್ದೀರಿ ಎಂದೆ. ‘ಮೂರು ಸಲ ಸಾರ್’ ಅಂದರು. ಆರು ವರ್ಷ ಅವರು ಮುಂದಿನ ಬ್ರೇಕ್ ಮುಟ್ಟದೆ, ಅರ್ಧಕ್ಕಿಂತ ಕಡಿಮೆ ಬ್ರೇಕಿನಲ್ಲಿ, ಅದೂ ಹಾಲಿನ ಭಾರ ಹೊತ್ತು ಓಡಿಸಿದ್ದರು. ಮೊದಲ ದಿನ ಲಿವರ್ ಮೇಲೆ ಬೆರಳಿಡಲೇ ಹೆದರಿದರು. ಮೂರನೇ ದಿನ ಅದೇ ಸುಣ್ಣದ ಗೆರೆಯಿಂದ ಬ್ರೇಕ್ ಹಿಡಿದು, ಮೊದಲ ದಿನ ನಿಂತದ್ದರ ಅರ್ಧ ದೂರದಲ್ಲಿ ನಿಂತರು. ನಿಂತು ಹಿಂದೆ ತಿರುಗಿ ಗೆರೆಯನ್ನೇ ನೋಡುತ್ತಿದ್ದರು. ಆ ಮುಖ ನನಗೆ ಇನ್ನೂ ನೆನಪಿದೆ.

ನೀವೂ ಇದನ್ನೇ ಮಾಡಿ. ಭಾನುವಾರ ಬೆಳಿಗ್ಗೆ ಯಾವುದಾದರೂ ಖಾಲಿ ಡಾಂಬರು ಜಾಗ ಹುಡುಕಿ. ಮಣ್ಣಿನ ಮೈದಾನ ಬೇಡ. ಹೆಲ್ಮೆಟ್, ಬೂಟು, ದಪ್ಪ ಪ್ಯಾಂಟು, ಕೈಗವಸು ಇರಲಿ. 20 ಕಿ.ಮೀ. ವೇಗದಲ್ಲಿ ಶುರು ಮಾಡಿ. ಹ್ಯಾಂಡಲ್ ನೇರ, ಗಾಡಿ ನೆಟ್ಟಗೆ, ಕಣ್ಣು ದೂರಕ್ಕೆ. ಥ್ರಾಟಲ್ ಬಿಟ್ಟು ಎರಡೂ ಬ್ರೇಕ್ ಒಟ್ಟಿಗೆ ಶುರುವಾಗಲಿ. ಕಾಲು ಹಗುರವಾಗಿ ಒತ್ತಿದಂತಿರಲಿ, ಕೈ ನಿಂಬೆಹಣ್ಣು ಹಿಂಡುವ ಹಾಗೆ ಬಿಗಿಯುತ್ತಾ ಹೋಗಲಿ. ಗಪ್ಪನೆ ಹಿಡಿದರೆ ಭಾರ ಮುಂದಕ್ಕೆ ಬರುವ ಮೊದಲೇ ಚಕ್ರ ಕಚ್ಚುತ್ತದೆ. ಹಿಂಡಿದರೆ ಮೊದಲು ಮುಂದಿನ ಶಾಕ್ ಅಬ್ಸಾರ್ಬರ್ ತಗ್ಗುತ್ತದೆ, ಟಯರು ರಸ್ತೆಗೆ ಕೂರುತ್ತದೆ, ಆಮೇಲೆ ಎಷ್ಟು ಹಿಂಡಿದರೂ ತಡೆದುಕೊಳ್ಳುತ್ತದೆ. ಕ್ಲಚ್ ಕೊನೆಗೆ, ಗಾಡಿ ನಿಲ್ಲುವ ಹೊತ್ತಿಗೆ. ಇಪ್ಪತ್ತು ಸಲ ಆದ ಮೇಲೆ 30ಕ್ಕೆ, ಇನ್ನೊಂದು ದಿನ 40ಕ್ಕೆ ಹೋಗಿ.

ಒಮ್ಮೆ ಬೇಕೆಂದೇ ಎಬಿಎಸ್ ಕೆಲಸ ಮಾಡುವಷ್ಟು ಬಿಗಿ ಹಿಡಿಯಿರಿ. ಲಿವರ್ ಬೆರಳಿಗೆ ಕಟಕಟನೆ ಒದೆಯುತ್ತದೆ. ಹೊಸಬರು ಏನೋ ಮುರಿಯಿತೆಂದು ಹೆದರಿ ಕೈ ಬಿಡುತ್ತಾರೆ. ಬಿಡಬಾರದು. ಚಕ್ರ ಕಚ್ಚುವ ಮೊದಲು ಅದು ಬ್ರೇಕನ್ನು ಸಡಿಲಿಸಿ ಮತ್ತೆ ಹಿಡಿಯುತ್ತಿದೆ ಎಂದಷ್ಟೇ ಅರ್ಥ. ಒಂದು ಎಚ್ಚರ: ಕೀಲಿ ಹಾಕಿದಾಗ ಮೀಟರಿನಲ್ಲಿ ಹೊತ್ತುವ ಎಬಿಎಸ್ ದೀಪ ಗಾಡಿ ಸ್ವಲ್ಪ ದೂರ ಓಡಿದ ಮೇಲೆ ಆರಬೇಕು. ಆರದಿದ್ದರೆ ಎಬಿಎಸ್ ಕೆಲಸ ಮಾಡುತ್ತಿಲ್ಲ, ಮೊದಲು ತೋರಿಸಿ.

ಈಗ ದೂರದ ಲೆಕ್ಕ. 60 ಕಿ.ಮೀ. ವೇಗದಲ್ಲಿ ಬೈಕ್ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಆಟೊ ನಿಂತದ್ದು ಕಣ್ಣಿಗೆ ಬಿದ್ದು, ಮನಸ್ಸಿಗೆ ತಿಳಿದು, ಕೈ ಲಿವರ್ ಹಿಡಿಯುವಷ್ಟರಲ್ಲಿ ಒಂದೂವರೆ ಸೆಕೆಂಡ್ ಹಿಡಿಯಿರಿ. ಆಗಲೇ 25 ಮೀಟರ್ ಹೋಯಿತು, ಬ್ರೇಕ್ ಇನ್ನೂ ಶುರುವೇ ಆಗಿಲ್ಲ. ಒಣ ರಸ್ತೆಯಲ್ಲಿ ಎರಡೂ ಬ್ರೇಕ್ ಚೆನ್ನಾಗಿ ಹಿಡಿದರೆ ಮತ್ತೆ ಸುಮಾರು 25 ಮೀಟರ್. ಒಟ್ಟು 50. ಹಿಂದಿನ ಬ್ರೇಕ್ ಒಂದೇ ಆದರೆ ಆ ಎರಡನೇ 25 ಹೋಗಿ 40 ದಾಟುತ್ತದೆ. ಮಳೆಯಲ್ಲಿ ಎರಡೂ ಬ್ರೇಕ್ ಹಿಡಿದರೂ ಒಟ್ಟು 60 ಬೇಕು. ವೇಗ 80 ಆದರೆ ಒಣ ರಸ್ತೆಯಲ್ಲೇ 75 ಮೀಟರ್ ಹತ್ತಿರ. ಗಾಡಿ, ಟಯರು, ರಸ್ತೆ ನೋಡಿಕೊಂಡು ಈ ಅಂಕಿಗಳು ಹೆಚ್ಚು ಕಡಿಮೆ ಆಗುತ್ತವೆ. ಮನಸ್ಸಿನಲ್ಲಿ ಇಟ್ಟುಕೊಳ್ಳಲು ಇಷ್ಟು ಸಾಕು.

ನಿಮ್ಮ ಆಟೊ ಎಷ್ಟು ದೂರದಲ್ಲಿತ್ತು? ನೀವು ಬರೆದಿಲ್ಲ, ಆದರೆ ಅಂತರ ಸಾಲದಿತ್ತು ಎಂಬುದು ಖಂಡಿತ. ಅಂತರ ಅಳೆಯಲು ಟೇಪು ಬೇಡ. ಮುಂದಿನ ವಾಹನ ಒಂದು ವಿದ್ಯುತ್ ಕಂಬ ದಾಟಿದ ಕೂಡಲೇ ‘ಮುಂದಿನ ಗಾಡಿ ಕಂಬ ದಾಟಿತು, ನಾನಿನ್ನೂ ದಾಟಿಲ್ಲ’ ಎಂದು ಮಾಮೂಲಿ ಸ್ವರದಲ್ಲಿ ಹೇಳಿಕೊಳ್ಳಿ. ಸುಮಾರು ಎರಡು ಸೆಕೆಂಡ್ ಆಗುತ್ತದೆ. ಮಾತು ಮುಗಿಯುವ ಮೊದಲೇ ನೀವು ಕಂಬ ದಾಟಿದರೆ ತೀರಾ ಹತ್ತಿರ ಇದ್ದೀರಿ. ಮಳೆಯಲ್ಲಿ ಎರಡು ಸಲ ಹೇಳಿಕೊಳ್ಳಿ. ನಡುವೆ ಇನ್ಯಾರೋ ನುಗ್ಗುತ್ತಾರೆ ಎಂದು ಎಲ್ಲರೂ ದೂರುತ್ತಾರೆ. ನುಗ್ಗಲಿ. ಮತ್ತೆ ಹಿಂದೆ ಸರಿಯಿರಿ. ಹತ್ತು ಜನ ನುಗ್ಗಿದರೂ ಊರು ತಲುಪುವುದು ಅರ್ಧ ನಿಮಿಷ ತಡವಾದೀತು.

ಮಳೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಟಯರು ರಸ್ತೆಗೆ ತಾಗುವ ಜಾಗ ನಿಮ್ಮ ಅಂಗೈಗಿಂತ ಚಿಕ್ಕದು. ಅದರ ಹಿಡಿತ ಮನೆಯ ಟ್ಯಾಂಕಿನ ನೀರಿದ್ದಂತೆ. ಬಚ್ಚಲಿನ ನಲ್ಲಿ ಪೂರ್ತಿ ತಿರುಗಿಸಿದರೆ ಅಡುಗೆಮನೆಯ ನಲ್ಲಿ ಸಣ್ಣಗಾಗುತ್ತದೆ. ತಿರುವಿನಲ್ಲಿ ಗಾಡಿ ವಾಲಿದಾಗ ಹಿಡಿತದ ಬಹುಪಾಲು ತಿರುಗುವುದಕ್ಕೇ ಖರ್ಚಾಗುತ್ತಿರುತ್ತದೆ, ಬ್ರೇಕಿಗೆ ಉಳಿಯುವುದು ಕಡಿಮೆ. ಮಳೆಗಾಲದಲ್ಲಿ ಟ್ಯಾಂಕೇ ಅರ್ಧ ತುಂಬಿದೆ. ಅದಕ್ಕೆ ಬ್ರೇಕು, ಗೇರು ಎಲ್ಲ ತಿರುವಿಗೆ ಮೊದಲು, ಗಾಡಿ ನೆಟ್ಟಗಿರುವಾಗಲೇ ಮುಗಿಯಬೇಕು. ತಿರುವಿನ ಒಳಗೆ ಹಗುರ ಥ್ರಾಟಲ್, ಅಷ್ಟೇ.

ಬಹಳ ದಿನ ಒಣಗಿದ ರಸ್ತೆಗೆ ಬೀಳುವ ಮೊದಲ ಮಳೆ ಧಾರಾಕಾರ ಮಳೆಗಿಂತ ಕೆಟ್ಟದ್ದು. ದೂಳು, ಆಯಿಲ್, ಟಯರಿನ ಪುಡಿ ಎಲ್ಲ ನೆನೆದು ಪಾಚಿಯಂತಾಗುತ್ತದೆ. ಮೊದಲ ಹತ್ತಿಪ್ಪತ್ತು ನಿಮಿಷ ಎಲ್ಲಾದರೂ ನಿಂತು ಕಾಫಿ ಕುಡಿಯಿರಿ. ರಸ್ತೆಗೆ ಬಳಿದ ಬಿಳಿ ಪಟ್ಟೆ, ಜೀಬ್ರಾ ಗೆರೆ, ಮ್ಯಾನ್‌ಹೋಲ್ ಮುಚ್ಚಳ, ಸೇತುವೆಯ ಕಬ್ಬಿಣದ ಪಟ್ಟಿ ಇವೆಲ್ಲ ಒದ್ದೆಯಾದಾಗ ಗಾಜಿನಂತೆ. ರೈಲು ಹಳಿಯನ್ನು ಆದಷ್ಟು ಅಡ್ಡಲಾಗಿ ದಾಟಿ, ಓರೆಯಾಗಿ ಬೇಡ. ನೀರು ನಿಂತ ಗುಂಡಿಯ ಆಳ ಯಾರಿಗೂ ಕಾಣುವುದಿಲ್ಲ, ಮುಂದಿನ ಗಾಡಿಯ ಚಕ್ರ ಎಷ್ಟು ಮುಳುಗಿತೆಂದು ನೋಡಿ.

ಇನ್ನು ಚಾರ್ಮಾಡಿ. ಮೂಡಿಗೆರೆ ದಾಟಿ ಕೊಟ್ಟಿಗೆಹಾರ ಬಂತೆಂದರೆ ಘಾಟಿಯ ತಲೆಬಾಗಿಲು. ಮಂಗಳೂರು–ತುಮಕೂರು ರಾಷ್ಟ್ರೀಯ ಹೆದ್ದಾರಿ 73 ಎಂದು ಹೆಸರು ದೊಡ್ಡದಾದರೂ ಘಾಟಿಯೊಳಗೆ ರಸ್ತೆ ಕಿರಿದು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ. ಜುಲೈ ಎಂದರೆ ಮಂಜು, ಮಳೆ ಎರಡೂ ಇರುತ್ತವೆ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಈ ದಾರಿಯೇ ಬಂದ್ ಆಗಿತ್ತು. ಹೊರಡುವ ಹಿಂದಿನ ರಾತ್ರಿಯೂ ಅಂದು ಬೆಳಿಗ್ಗೆಯೂ ದಾರಿ ತೆರೆದಿದೆಯೇ ಎಂದು ವಿಚಾರಿಸಿ. ಕತ್ತಲಾದ ಮೇಲೆ ಇಳಿಯುವ ಯೋಚನೆ ಬೇಡವೇ ಬೇಡ.

ಹೋಗುವಾಗ ನಿಮ್ಮದು ಇಳಿಜಾರು. ಇಳಿಜಾರಿನಲ್ಲಿ ಉದ್ದಕ್ಕೂ ಬ್ರೇಕ್ ಹಿಡಿದುಕೊಂಡೇ ಹೋದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಲಿವರ್ ಹ್ಯಾಂಡಲಿನ ತನಕ ಬಂದರೂ ಗಾಡಿ ನಿಲ್ಲದ ಸ್ಥಿತಿ ಬರಬಹುದು. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ಎರಡು ಅಥವಾ ಮೂರು. ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯಲಿ, ಬ್ರೇಕ್ ಬೇಕಾದಾಗ ಹಿಡಿದು ಬಿಡುತ್ತಾ ಹೋಗಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿಯೋ ಕ್ಲಚ್ ಹಿಡಿದೋ ಜಾರಿಸಿಕೊಂಡು ಇಳಿಯುವವರನ್ನು ನೋಡಿದರೆ ನನ್ನ ಎದೆ ಹಿಂಡಿದಂತಾಗುತ್ತದೆ. ದಯವಿಟ್ಟು ಬೇಡ.

ಹೇರ್‌ಪಿನ್ ತಿರುವಿನಲ್ಲಿ ಬಸ್ಸಿಗೂ ಲಾರಿಗೂ ಇಡೀ ರಸ್ತೆ ಬೇಕು. ಅದರ ಮೂತಿ ತಿರುಗಿದ ಮೇಲೂ ಹಿಂದಿನ ಚಕ್ರ ತಿರುವಿನ ಒಳಬದಿಗೆ ಒತ್ತಿಕೊಂಡು ಬರುತ್ತದೆ. ಕೆಳಗಿನಿಂದ ಬಸ್ಸು ಬರುತ್ತಿರುವುದು ಕಂಡರೆ ತಿರುವಿಗೆ ಮೊದಲೇ ಎಡಕ್ಕೆ ನಿಂತು ಅದು ಪೂರ್ತಿ ಹಾದುಹೋಗಲು ಬಿಡಿ. ಇದು ಬರೀ ಮರ್ಯಾದೆಯ ಮಾತಲ್ಲ. ರಸ್ತೆ ಸಾಲದ ಕಡೆ ಏರು ಹತ್ತುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮವೇ ಆಗಿದೆ. ಏರಿನಲ್ಲಿ ನಿಂತ ಲೋಡು ಗಾಡಿ ಮತ್ತೆ ಹೊರಡುವಾಗ ಹಿಂದಕ್ಕೆ ಜಾರಿದರೆ ಅದರ ಹಿಂದಿರುವ ಬೈಕಿನವರ ಗತಿ ಯೋಚಿಸಿ. ನೀವು ವಾಪಸು ಹತ್ತುವಾಗಲೂ ಲಾರಿಯ ಬಾಲಕ್ಕೆ ಅಂಟಿಕೊಂಡು ನಿಲ್ಲಬೇಡಿ.

ಬಲ ತಿರುವಿನಲ್ಲಿ ಇನ್ನೊಂದು ಅಪಾಯ ಯಾರ ಲಕ್ಷ್ಯಕ್ಕೂ ಬರುವುದಿಲ್ಲ. ನಿಮ್ಮ ಚಕ್ರ ನಡುಗೆರೆಯ ಈಚೆಗೇ ಇರುತ್ತದೆ, ಆದರೆ ಗಾಡಿ ಬಲಕ್ಕೆ ವಾಲಿದಾಗ ತಲೆ, ಹೆಗಲು ಗೆರೆಯ ಆಚೆಗೆ ಚಾಚಿರುತ್ತವೆ. ಎದುರು ಬರುವ ಬಸ್ಸಿನ ಕನ್ನಡಿ ಇರುವುದು ಅಲ್ಲೇ. ಬಲ ತಿರುವಿನಲ್ಲಿ ಎಡಕ್ಕೆ ಸರಿದಿರಿ. ಹಾಗೆಂದು ತೀರಾ ಅಂಚಿಗೂ ಬೇಡ, ಅಲ್ಲಿ ಮಣ್ಣು, ಎಲೆ, ಪಾಚಿ. ತಿರುವಿನ ಮೇಲೆ ಕಾಮನಬಿಲ್ಲಿನ ಬಣ್ಣದ ಮಿನುಗು ಕಂಡರೆ ಅದು ಡೀಸೆಲ್, ಟ್ಯಾಂಕ್ ತುಂಬಿಸಿಕೊಂಡು ಬಂದ ಲಾರಿ ತಿರುವಿನಲ್ಲಿ ಚೆಲ್ಲಿದ್ದು. ವೇಗ ಇಳಿಸಿ, ಬಳಸಿಕೊಂಡು ಹೋಗಿ. ಪ್ರಪಾತವನ್ನೋ ಗುಂಡಿಯನ್ನೋ ದಿಟ್ಟಿಸಬೇಡಿ. ಕಣ್ಣು ಎಲ್ಲಿ ನೆಟ್ಟಿತೋ ಗಾಡಿ ಅಲ್ಲಿಗೇ ಹೋಗುತ್ತದೆ. ತಿರುವು ಬಿಚ್ಚಿಕೊಳ್ಳುವ ಕಡೆಗೆ ಗಲ್ಲವನ್ನೇ ತಿರುಗಿಸಿ ನೋಡಿ, ಕೈ ತಾನಾಗಿ ಹಿಂಬಾಲಿಸುತ್ತದೆ.

ಮಂಜಿನಲ್ಲಿ ನಾನು ಪಾಲಿಸುವುದು ಒಂದೇ ಲೆಕ್ಕ: ಕಾಣುತ್ತಿರುವ ದೂರದೊಳಗೆ ನಿಲ್ಲಬಲ್ಲ ವೇಗ. ಮೂವತ್ತು ಮೀಟರ್ ಕಂಡರೆ ಗಂಟೆಗೆ 30 ಕಿ.ಮೀ. ಮೀರಬಾರದು. ಒದ್ದೆ ರಸ್ತೆಯಲ್ಲಿ ಆ ವೇಗಕ್ಕೂ 20 ಮೀಟರ್ ಮೇಲೆ ಬೇಕು. ಎದುರು ಬರುವವನು ಗೆರೆ ದಾಟಿ ಬರುವ ಕಿರಿದಾದ ಕಡೆ ಕಾಣುವ ದೂರದ ಅರ್ಧದಲ್ಲೇ ನಿಲ್ಲುವಂತಿರಬೇಕು, ಏಕೆಂದರೆ ಉಳಿದರ್ಧ ಅವನಿಗೆ ಬೇಕು. ಲೈಟ್ ಡಿಮ್‌ನಲ್ಲಿರಲಿ. ಬ್ರೈಟ್ ಹಾಕಿದರೆ ಮಂಜಿಗೆ ಬಡಿದು ಬೆಳಕು ನಿಮ್ಮ ಕಣ್ಣಿಗೇ ವಾಪಸು ಬರುತ್ತದೆ. ಹೆಲ್ಮೆಟ್ ಗಾಜು ಉಸಿರಿಗೆ ಮಬ್ಬಾದರೆ ಒಂದು ಬೆರಳಷ್ಟು ತೆರೆದಿಡಿ. ಜಲಪಾತ ನೋಡಲು ತಿರುವಿನಲ್ಲಿ ನಿಲ್ಲಿಸುವವರು ಬಹಳ, ನೀವು ನಿಲ್ಲಿಸಬೇಡಿ, ನಿಲ್ಲಿಸಿದವರು ಇದ್ದಾರೆಂದೇ ಎಣಿಸಿ ತಿರುವಿಗೆ ಮೊದಲು ಹಾರನ್ ಮಾಡಿ.

ಓವರ್‌ಟೇಕ್ ವಿಷಯ ಸರಳ. ತಿರುವಿನಲ್ಲಿ, ಏರಿನ ನೆತ್ತಿಯಲ್ಲಿ, ಕೂಡುರಸ್ತೆಯಲ್ಲಿ, ಮುಂದಿನ ದಾರಿ ಪೂರ್ತಿ ಕಾಣದ ಕಡೆ ಮಾಡುವಂತಿಲ್ಲ. ಲಾರಿಯವರು ಬಲ ಇಂಡಿಕೇಟರ್ ಹಾಕಿದರೆ ‘ಬಾ’ ಎಂದೋ ‘ಬರಬೇಡ’ ಎಂದೋ ‘ನಾನು ತಿರುಗುತ್ತೇನೆ’ ಎಂದೋ ನಮ್ಮ ಕಡೆ ಮೂರೂ ಅರ್ಥ ಇದೆ. ನಿಮ್ಮ ಕಣ್ಣಿಗೆ ಕಾಣದ ರಸ್ತೆಗೆ ಇನ್ನೊಬ್ಬರ ದೀಪ ನಂಬಿ ನುಗ್ಗಬೇಡಿ. ನಿಂತ ಬಸ್ಸಿನ ಎಡಗಡೆಯಿಂದ ಎಂದಿಗೂ ತೂರಬೇಡಿ, ಇಳಿಯುವವರ ಕಾಲು ಅಲ್ಲೇ ಬೀಳುತ್ತದೆ. ಬದಿ ಬದಲಿಸುವಾಗ ಕನ್ನಡಿ ನೋಡಿದ್ದು ಸಾಲದು, ಹೆಗಲ ಮೇಲಿಂದ ಒಮ್ಮೆ ಹಿಂತಿರುಗಿ ನೋಡಿ.

ಈಗ ನಿಮಗೆ ಇಷ್ಟವಾಗದ ಮಾತು. ಮಗಳನ್ನು ಈ ಪ್ರಯಾಣಕ್ಕೆ ಬೈಕಿನಲ್ಲಿ ಕರೆದೊಯ್ಯಬೇಡಿ. ಮೋಟಾರು ವಾಹನ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಸವಾರನ ಜೊತೆ ಒಬ್ಬರಿಗೆ ಮಾತ್ರ ಅವಕಾಶ. ಕಾನೂನು ಬದಿಗಿಟ್ಟರೂ, ಇಬ್ಬರ ನಡುವೆ ಸಿಕ್ಕಿದ ಮಗು ಜೋರಾಗಿ ಬ್ರೇಕ್ ಹಿಡಿದಾಗ ನಿಮ್ಮ ಬೆನ್ನಿಗೂ ಅಮ್ಮನ ಭಾರಕ್ಕೂ ಅಪ್ಪಚ್ಚಿಯಾಗುತ್ತದೆ. ಟ್ಯಾಂಕಿನ ಮೇಲೆ ಕೂರಿಸಿದರೆ ಇನ್ನೂ ಕೆಟ್ಟದ್ದು. ಗಂಟೆಗಟ್ಟಲೆ ಮಳೆ, ಚಳಿಯಲ್ಲಿ ಅದು ತೂಕಡಿಸದೆ ಇರುತ್ತದೆಯೇ? ಹಾಸನದಿಂದ ಧರ್ಮಸ್ಥಳಕ್ಕೆ ಸರ್ಕಾರಿ ಬಸ್ಸುಗಳಿವೆ. ಜುಲೈನಲ್ಲಿ ಮೂವರೂ ಬಸ್ಸಿನಲ್ಲಿ ಹೋಗಿಬನ್ನಿ. ಚಾರ್ಮಾಡಿಯ ಬೈಕ್ ಸವಾರಿ ನಿಮ್ಮ ಆಸೆಯಾಗಿದ್ದರೆ ಮಳೆ ನಿಂತ ಮೇಲೆ, ನವೆಂಬರ್ ಹೊತ್ತಿಗೆ, ಗಂಡ ಹೆಂಡತಿ ಇಬ್ಬರೇ ಹಗಲಲ್ಲಿ ಹೋಗಿ.

ಹಾಸನದೊಳಗೆ ಮಗಳೊಬ್ಬಳನ್ನೇ ಕೂರಿಸಿಕೊಂಡು ಶಾಲೆಗೆ ಬಿಡುವಾಗಲೂ ಅವಳಿಗೆ ಅವಳದೇ ಅಳತೆಯ ಹೆಲ್ಮೆಟ್ ಬೇಕು. ನಾಲ್ಕು ವರ್ಷ ದಾಟಿದ ಎಲ್ಲರಿಗೂ ಇದು ಕಡ್ಡಾಯ. ಅದಕ್ಕಿಂತ ಚಿಕ್ಕ, ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದ ಮಕ್ಕಳಿಗೆ ಹೆಲ್ಮೆಟ್ ಜೊತೆ ಸವಾರನಿಗೆ ಬಿಗಿಯುವ ಸುರಕ್ಷತಾ ಪಟ್ಟಿಯೂ ಬೇಕು, ವೇಗ 40 ಮೀರಬಾರದು ಎಂದು 2022ರಲ್ಲಿ ನಿಯಮ ಬಂದಿದೆ. ಕೊಳ್ಳುವಾಗ ಐಎಸ್ಐ ಗುರುತು, ಐಎಸ್ 4151 ಎಂಬ ಸಂಖ್ಯೆ ನೋಡಿ. ಪಟ್ಟಿ ಬಿಗಿದು ಹೆಲ್ಮೆಟ್ ಅಲ್ಲಾಡಿಸಿದರೆ ಕೆನ್ನೆಯ ಚರ್ಮವೂ ಜೊತೆಗೇ ಅಲ್ಲಾಡಬೇಕು, ಇಲ್ಲದಿದ್ದರೆ ಅದು ಸಡಿಲ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದವರು. ಹೆಲ್ಮೆಟ್ ಹಾಕದೆ ಸತ್ತವರೇ 50,000 ಹತ್ತಿರ, ಅವರಲ್ಲಿ ಹಿಂದೆ ಕೂತವರೂ ಸಾವಿರಗಟ್ಟಲೆ ಇದ್ದರು. ನಿಮ್ಮ ಮನೆಯವರ ಹೆಲ್ಮೆಟ್ ನಿಮ್ಮದರಷ್ಟೇ ಒಳ್ಳೆಯದಿರಲಿ.

ಅವರು ಸೀರೆಯುಟ್ಟು ಒಂದೇ ಬದಿಗೆ ಕೂರುವುದು ಘಾಟಿಯಲ್ಲಿ ಬೇಡ. ಭಾರ ಒಂದು ಕಡೆಗಾಗುತ್ತದೆ, ಸೆರಗು ಚಕ್ರಕ್ಕೆ ಸಿಗುವ ಭಯ ಬೇರೆ. ಚೂಡಿದಾರವೋ ಪ್ಯಾಂಟೋ ಹಾಕಿ ಎರಡೂ ಬದಿಗೆ ಕಾಲಿಟ್ಟು ಕೂರಲಿ, ದುಪಟ್ಟಾ ಜಾಕೆಟ್ಟಿನ ಒಳಗೆ ಸೇರಿಸಿಕೊಳ್ಳಲಿ. ತಿರುವಿನಲ್ಲಿ ಗಾಡಿ ವಾಲಿದಾಗ ಹೆದರಿ ವಿರುದ್ಧಕ್ಕೆ ಬಾಗದೆ, ನೀವು ತಿರುಗುವ ಕಡೆಯ ಹೆಗಲ ಮೇಲಿಂದ ರಸ್ತೆ ನೋಡುತ್ತಾ ಕೂತರೆ ಸಾಕು. ಮೈದಾನದ ಅಭ್ಯಾಸ ಕೊನೆಯ ಎರಡು ದಿನ ಅವರನ್ನು ಕೂರಿಸಿಕೊಂಡೇ ಮಾಡಿ. ಭಾರ ಹೆಚ್ಚಾದಾಗ ಗಾಡಿ ಬೇರೆಯೇ ಆಗಿಬಿಡುತ್ತದೆ. ಹಿಂದಿನ ಚಕ್ರದ ಮೇಲೆ ಭಾರ ಇರುವುದರಿಂದ ಆಗ ಹಿಂದಿನ ಬ್ರೇಕೂ ಮೊದಲಿಗಿಂತ ಚೆನ್ನಾಗಿ ಹಿಡಿಯುವುದು ನಿಮ್ಮ ಕಾಲಿಗೇ ಗೊತ್ತಾಗುತ್ತದೆ.

ಹೊರಡುವ ಹಿಂದಿನ ದಿನ ಟಯರು ತಣ್ಣಗಿರುವಾಗ ಗಾಳಿ ನೋಡಿಸಿ. ಇಬ್ಬರು ಕೂತಾಗ ಹಿಂದಿನದಕ್ಕೆ ಎಷ್ಟಿರಬೇಕೆಂದು ಗಾಡಿಯ ಸ್ಟಿಕ್ಕರಿನಲ್ಲೋ ಕೈಪಿಡಿಯಲ್ಲೋ ಬರೆದಿರುತ್ತದೆ. ಗಾಳಿ ಹೊಡೆಯುವವರ ಅಂದಾಜಿಗೆ ಬಿಡಬೇಡಿ. ಟಯರಿನ ಗೀರುಗಳ ಒಳಗೆ ಸಣ್ಣ ಉಬ್ಬುಗಳಿರುತ್ತವೆ. ಟಯರು ಅವುಗಳ ಮಟ್ಟಕ್ಕೆ ಸವೆದಿದ್ದರೆ ಬದಲಿಸುವ ಕಾಲ ಬಂದಿದೆ. ನಿಮ್ಮ ಗಾಡಿ ಬಿದ್ದಿದೆಯಾದ್ದರಿಂದ ಹ್ಯಾಂಡಲ್ ನೇರವಿದೆಯೇ, ಮುಂದಿನ ಬ್ರೇಕ್ ಲಿವರ್ ಬಾಗಿದೆಯೇ, ಬಲಗಡೆಯ ಬ್ರೇಕ್ ಪೆಡಲ್ ಎಂಜಿನ್ನಿಗೆ ಒತ್ತಿಕೊಂಡಿದೆಯೇ ಎಂದು ಮೆಕ್ಯಾನಿಕ್ ಹತ್ತಿರ ನಿಂತು ತೋರಿಸಿ. ಬಿದ್ದಾಗ ತಲೆ ನೆಲಕ್ಕೆ ತಾಗಿತ್ತೆಂದರೆ ಆ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಥರ್ಮಾಕೋಲ್ ಒತ್ತಿಹೋಗಿರುತ್ತದೆ. ಮೈದಾನಕ್ಕೆ ಹೋಗುವ ಮೊದಲೇ ಹೊಸದು ತಗೊಳ್ಳಿ.